ಹಿಕ್ಕೆ ಪುಡಿಯಾಗುವ ಮೊದಲೇ ಹಿಡಿಯಬೇಕು

ನೀರನ್ನು ಮತ್ತೆ ಮತ್ತೆ ಬಳಸಿ ಮೀನು ಸಾಕುವವರು ಬಯೋಫಿಲ್ಟರ್ (ಬ್ಯಾಕ್ಟೀರಿಯಾ ಅಮೋನಿಯಾ ಕಳೆಯುವ ಫಿಲ್ಟರ್) ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನಾನು ಮೊದಲು ನೋಡುವುದು ಹಿಕ್ಕೆ ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು. ಹಾಕಿದ ಫೀಡ್‌ನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಸವಾಗಿ ನೀರಿಗೆ ಸೇರುತ್ತದೆ. ಇಡಿಯಾಗಿದ್ದಾಗ ಅದನ್ನು ಹಿಡಿಯುವುದು ಸುಲಭ. ಪುಡಿಯಾಯಿತೋ, ಜಾಲರಿಗೆ ಸಿಗುವುದಿಲ್ಲ. ಬಯೋಫಿಲ್ಟರ್‌ನಲ್ಲಿ ಕೂತು ಕೊಳೆಯುತ್ತದೆ, ಆಕ್ಸಿಜನ್ ತಿನ್ನುತ್ತದೆ, ಅಮೋನಿಯಾ ಬಿಡುತ್ತದೆ. ಮೀನಿನ ಕಿವಿರಿಗೂ ತೊಂದರೆ.

ಅದಕ್ಕೇ ನಾನು ಪಂಪ್ ಇಟ್ಟಿರುವುದು ಡ್ರಮ್ ಫಿಲ್ಟರ್ (ಕಸ ಹಿಡಿಯುವ, ತಿರುಗುವ ಜಾಲರಿ ಪೀಪಾಯಿ) ದಾಟಿದ ಮೇಲೆ. ಪಂಪಿನ ರೆಕ್ಕೆಗೆ ಸಿಕ್ಕ ಹಿಕ್ಕೆ ನುಣ್ಣಗಾಗಿಬಿಡುತ್ತದೆ, ಅಲ್ವಾ? ಟ್ಯಾಂಕ್ ದುಂಡಗಿದೆ. ಗೋಡೆಯ ಗುಂಟ ನೀರು ಬಿಟ್ಟಾಗ ಇಡೀ ನೀರು ಸುತ್ತುತ್ತದೆ, ಕಸ ನಡುವಿನ ತೂತಿನ ಹತ್ತಿರ ಬಂದು ಸೇರುತ್ತದೆ. ಅಲ್ಲಿಂದ ಡ್ರಮ್ ಫಿಲ್ಟರ್‌ವರೆಗೆ ನೀರು ತಾನಾಗಿಯೇ ಇಳಿದು ಹೋಗುತ್ತದೆ. ಈ ಪೈಪ್ ಸುಮ್ನೆ ದಪ್ಪ ಇದ್ದರೂ ಕಷ್ಟ. ನೀರು ನಿಧಾನವಾಗಿ ಕಸ ಪೈಪಿನೊಳಗೇ ಕೂರುತ್ತದೆ.

ನನ್ನ ಡ್ರಮ್ಮಿನ ಜಾಲರಿಯ ಕಣ್ಣು 60 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 60 ಪಾಲು. ಇನ್ನೂ ಸಣ್ಣದು ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಸಣ್ಣ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಪದೇಪದೇ ತೊಳೆಯಬೇಕು, ಅಷ್ಟೂ ನೀರು ಹೊರಗೆ ಹೋಗುತ್ತದೆ. ತೀರಾ ನುಣ್ಣಗಾದ ಕಸ ಹೇಗೂ ತಪ್ಪಿಸಿಕೊಳ್ಳುತ್ತದೆ.

ಜಾಲರಿ ಕಟ್ಟಿದಂತೆಲ್ಲ ಡ್ರಮ್ಮಿನೊಳಗೆ ನೀರು ಏರುತ್ತದೆ. ಸೆನ್ಸರ್ ಮುಟ್ಟಿದ ಕೂಡಲೇ ಡ್ರಮ್ ತಿರುಗಿ, ಹೊರಗಿನಿಂದ ನೀರು ರಭಸವಾಗಿ ಹೊಡೆದು ತೊಳೆಯುತ್ತದೆ. ಒಂದು ತೊಳೆತದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಅನ್ನುವುದರ ಮೇಲೆ ನನ್ನ ಕಣ್ಣು ಯಾವಾಗಲೂ ಇರುತ್ತದೆ. ಫೀಡ್ ಹೆಚ್ಚಿಸದೆ ಆ ಹೊತ್ತು ಕಡಿಮೆಯಾದರೆ ಮೊದಲು ಜಾಲರಿ ನೋಡುತ್ತೇನೆ. ಸುತ್ತಲೂ ಒಂದೇ ಅಗಲದ ಕಂದು ಪಟ್ಟಿ ಉಳಿದಿದ್ದರೆ, ಅದರ ಎದುರಿನ ನಾಝಲ್ (ನೀರು ಚಿಮ್ಮುವ ಮೂತಿ) ಕಟ್ಟಿದೆ ಎಂದೇ ಅರ್ಥ. ಬಿಚ್ಚಿ ಮೆತ್ತನೆ ಬ್ರಷ್‌ನಿಂದ ಉಜ್ಜುತ್ತೇನೆ. ತಂತಿ ತೂರಿಸುವುದು ಬೇಡವೇ ಬೇಡ, ತೂತು ಕೆಟ್ಟರೆ ನೀರು ಹರಡಿ ಬೀಳುವುದಿಲ್ಲ. ಇಡೀ ಜಾಲರಿ ಬೆರಳಿಗೆ ಜಿಡ್ಡು ಜಿಡ್ಡಾಗಿದ್ದರೆ ಅದು ಫೀಡ್‌ನ ಎಣ್ಣೆ, ಬಿಸಿನೀರಿಗೆ ಬಿಡುತ್ತದೆ.

ಜಾಲರಿ, ನಾಝಲ್ ಎರಡೂ ಸರಿಯಿದ್ದರೆ ಜಾಲರಿ ತೊಳೆದ ನೀರು ಬೀಳುವ ತೊಟ್ಟಿಯಲ್ಲಿನ ಕಸವನ್ನೇ ನೋಡಬೇಕು. ಗಟ್ಟಿ ಎಳೆಯಾಗಿದ್ದದ್ದು ನೀರಾಗಿ, ಕದಡಿದಂತಿದ್ದರೆ ತೊಂದರೆ ಮೀನಿನ ಹೊಟ್ಟೆಯಲ್ಲೋ ಫೀಡ್‌ನಲ್ಲೋ ಇದೆ. ಆಗ ನಾನು ಫಿಲ್ಟರ್ ಬಿಟ್ಟು ಫೀಡ್ ಚೀಲ ನೋಡಲು ಹೋಗುತ್ತೇನೆ.