ದಾವಣಗೆರೆ, ದುರ್ಗದ ಕಡೆಯಿಂದ ಹೊಸದಾಗಿ ಪರದೇಶಕ್ಕೆ ಬಂದವರಿಗೆ: ಒಂದೇ ಬಾಣಲೆಯಲ್ಲಿ ಟೊಮೆಟೊ-ಮೊಟ್ಟೆ

ಬ್ಯಾಂಕ್ ಖಾತೆ, ಸಿಮ್, ಬಾಡಿಗೆ ಕರಾರು, ವಿಮೆ: ಇವೆಲ್ಲ ಮೊದಲ ಒಂದೆರಡು ವಾರದಲ್ಲಿ ಹೇಗೋ ಆಗುತ್ತವೆ, ಕಾಗದಗಳ ಎರಡೆರಡು ಪ್ರತಿ ಜೊತೆಗಿದ್ದರೆ ಸಾಕು. ಆಗದೇ ಉಳಿಯುವುದು ರಾತ್ರಿಯ ಊಟ. ಕೆಲಸ ಮುಗಿಸಿ ಚಳಿಯಲ್ಲಿ ಮನೆಗೆ ಬಂದು ಅನ್ನ, ಸಾರು, ಪಲ್ಯ ಅಂತ ಮೂರು ಪಾತ್ರೆ ಹಚ್ಚುವ ತ್ರಾಣ ಇರುವುದಿಲ್ಲ. ಹಾಗಂತ ದಿನಾ ಬ್ರೆಡ್-ಜಾಮ್ ತಿಂದರೆ ತಿಂಗಳೊಪ್ಪತ್ತಿನಲ್ಲಿ ಮನಸ್ಸೇ ಕುಗ್ಗಿಹೋಗುತ್ತದೆ. ಅದಕ್ಕೇ ಮೊದಲು ಶಕ್ಷೂಕಾ ಅನ್ನುವ ಈ ಒಂದು ಅಡುಗೆ ಕಲಿತುಬಿಡಿ. ಅರ್ಧ ಗಂಟೆ ಸಾಕು, ತೊಳೆಯುವುದಕ್ಕೆ ಒಂದೇ ಬಾಣಲೆ.

ಶಕ್ಷೂಕಾ ಅನ್ನುವುದು ಉತ್ತರ ಆಫ್ರಿಕಾದ, ಟ್ಯುನೀಷಿಯಾ ಸುತ್ತಲಿನ ಅಡುಗೆ. ಖಾರದ ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವುದು. 1950ರ ದಶಕದಲ್ಲಿ ಆ ಸೀಮೆಯಿಂದ ಇಸ್ರೇಲಿಗೆ ಹೋಗಿ ನೆಲೆಸಿದ ಯಹೂದಿಗಳು ಇದನ್ನು ಜೊತೆಗೇ ಒಯ್ದರು. ಊರು ಬಿಟ್ಟವರ ಅಡುಗೆ ಇದು, ನಮಗೂ ಒಗ್ಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಟೊಮೆಟೊ: ಇದರಲ್ಲಿ ನಮಗೆ ಹೊಸದು ಯಾವುದಿದೆ?

ಮೊದಲು ಪಾತ್ರೆಯ ವಿಷಯ. ಬೆಣ್ಣೆ ದೋಸೆಯ ಆಸೆಗೆ ಊರಿಂದ ಕಬ್ಬಿಣದ ಹಂಚು ಹೊತ್ತು ತಂದಿರುತ್ತೀರಿ. ಅದರಲ್ಲಿ ಟೊಮೆಟೊ ಬೇಯಿಸಲೇಬೇಡಿ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಹಂಚಿನ ಮೇಲ್ಪದರವನ್ನು ಟೊಮೆಟೊ ಹುಳಿ ಕಿತ್ತುಹಾಕುತ್ತದೆ, ಮಾರನೇ ದಿನ ಹಾಕಿದ ದೋಸೆ ಏಳುವುದಿಲ್ಲ. ಬರೀ ಅಲ್ಯುಮಿನಿಯಂ ಬಾಣಲೆಯೂ ಬೇಡ, ಗೊಜ್ಜಿಗೆ ಲೋಹದ ಒಗರು ಬರುತ್ತದೆ. 25 ಸೆಂಟಿಮೀಟರ್ ಅಗಲದ, ತಳ ದಪ್ಪಗಿರುವ ಸ್ಟೀಲ್ ಅಥವಾ ನಾನ್‌ಸ್ಟಿಕ್ ಬಾಣಲೆ ತಗೊಳ್ಳಿ. ಮುಚ್ಚಳ ಬೇಕೇ ಬೇಕು.

ಇಬ್ಬರಿಗೆ ಅಳತೆ: ಮೊಟ್ಟೆ 4, ಡಬ್ಬಿಯ ಟೊಮೆಟೊ 400 ಗ್ರಾಂ, ಈರುಳ್ಳಿ 150 ಗ್ರಾಂ, ಅರ್ಧ ದೊಣ್ಣೆ ಮೆಣಸಿನಕಾಯಿ, ಬೆಳ್ಳುಳ್ಳಿ ನಾಲ್ಕು ಎಸಳು, ಹಸಿಮೆಣಸಿನಕಾಯಿ ಎರಡು, ಜೀರಿಗೆ ಒಂದು ಟೀ ಚಮಚ, ಪ್ಯಾಪ್ರಿಕಾ ಒಂದು ಟೀ ಚಮಚ, ಖಾರದ ಪುಡಿ ಅರ್ಧ ಟೀ ಚಮಚ, ಎಣ್ಣೆ ಮೂರು ದೊಡ್ಡ ಚಮಚ, ಉಪ್ಪು.

ಅಂಗಡಿಯಲ್ಲೇ ಎಡವುವುದು ಹೆಚ್ಚು. ಅಲ್ಲಿನ ಒಂದು ಈರುಳ್ಳಿ ನಮ್ಮ ಎರಡು-ಮೂರಕ್ಕೆ ಸಮ, ಲೆಕ್ಕ ನೋಡಿ ಹಾಕಿ. ಅಮೆರಿಕದಲ್ಲಿ 'ಚಿಲಿ ಪೌಡರ್' ಅಂತ ಮಾರುವುದು ಬರೀ ಮೆಣಸಿನಪುಡಿಯಲ್ಲ, ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಬೆರೆಸಿದ ಮಸಾಲೆ. ಅದನ್ನು ನಂಬಿ ಹಾಕಿದರೆ ಅಡುಗೆಯ ದಾರಿಯೇ ಬೇರೆಯಾಗುತ್ತದೆ. ಕೆಯೆನ್ ಅಂತ ಬರೆದದ್ದು ಖಾರಕ್ಕೆ, ಪ್ಯಾಪ್ರಿಕಾ ಬಣ್ಣಕ್ಕೆ. ಊರಿಂದ ತಂದ ಬ್ಯಾಡಗಿ ಪುಡಿ ಇದ್ದರೆ ಪ್ಯಾಪ್ರಿಕಾ ಬೇಕಾಗಿಲ್ಲ. ಡಬ್ಬಿಯಲ್ಲಿ ಸಿಪ್ಪೆ ಸುಲಿದ ಇಡೀ ಟೊಮೆಟೊ ಇರುವುದನ್ನೇ ಆರಿಸಿ, ಕೈಯಲ್ಲಿ ಹಿಸುಕಿ ಹಾಕಿ. ಹೆಚ್ಚಿ ತುಂಬಿಸಿದ ಡಬ್ಬಿಗಳಿಗೆ ತುಂಡು ಬಿರುಸಾಗಿರಲಿ ಅಂತ ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ಎಷ್ಟು ಬೇಯಿಸಿದರೂ ಅವು ಕರಗುವುದಿಲ್ಲ. ಡಬ್ಬಿಯಲ್ಲೇ ಉಪ್ಪಿದೆಯಾ ಅಂತ ಚೀಟಿ ಓದಿ, ಆಮೇಲೆ ನಿಮ್ಮ ಉಪ್ಪು.

ಒಗ್ಗರಣೆಗೆ ಮೊದಲು ತಲೆ ಎತ್ತಿ ಹೊಗೆ ಅಲಾರಾಂ ಎಲ್ಲಿದೆ ನೋಡಿಕೊಳ್ಳಿ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ. ಎಣ್ಣೆ ಹೊಗೆಯಾಡುವ ತನಕ ಕಾಯಿಸುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಅಲಾರಾಂ ಹೊಡೆದುಕೊಂಡರೆ ಗಾಬರಿಯಲ್ಲಿ ಮುಂಬಾಗಿಲು ತೆಗೆಯಬೇಡಿ, ಹೊಗೆ ಮೊಗಸಾಲೆಗೆ ಹೋಗಿ ಇಡೀ ಕಟ್ಟಡದ ಅಲಾರಾಂ ಕೂಗೀತು. ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವುದಂತೂ ಕೂಡದು, ಜೀವದ ಪ್ರಶ್ನೆ.

ಎಣ್ಣೆ ಹದವಾಗಿ ಕಾದ ಮೇಲೆ ಜೀರಿಗೆ, ಅದು ಚಿಟಪಟ ಅಂದ ಕೂಡಲೇ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಚಿಟಿಕೆ ಉಪ್ಪು. ಎಂಟು ನಿಮಿಷ ಬಾಡಿಸಿ. ಇಲ್ಲಿ ಅವಸರ ಮಾಡಿದರೆ ಗೊಜ್ಜು ಕೊನೆತನಕ ಹುಳಿ ಹುಳಿ, ಏಕೆಂದರೆ ಡಬ್ಬಿಯ ಹುಳಿಗೆ ಎದುರು ನಿಲ್ಲುವ ಸಿಹಿ ಬರಬೇಕಾದದ್ದು ಚೆನ್ನಾಗಿ ಬಾಡಿದ ಈರುಳ್ಳಿಯಿಂದಲೇ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಂದು ನಿಮಿಷ. ಪುಡಿಗಳು ಅರ್ಧ ನಿಮಿಷ ಎಣ್ಣೆಯಲ್ಲೇ ಹುರಿಯಲಿ, ಹೊತ್ತಬಾರದು. ಆಮೇಲೆ ಟೊಮೆಟೊ. ಮಧ್ಯಮ ಉರಿಯಲ್ಲಿ ಹತ್ತು-ಹನ್ನೆರಡು ನಿಮಿಷ. ಇನ್ನೂ ಹುಳಿ ಎನಿಸಿದರೆ ಕಡಲೆಗಾತ್ರ ಬೆಲ್ಲ.

ಮೊಟ್ಟೆ ಹಾಕುವ ಹೊತ್ತು ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸೌಟಿನಿಂದ ಬಾಣಲೆಯ ತಳ ಕಾಣುವಂತೆ ಒಂದು ಗೆರೆ ಎಳೆಯಿರಿ. ಗೊಜ್ಜು ಥಟ್ಟನೆ ಕೂಡಿಕೊಂಡರೆ ಇನ್ನೂ ನೀರಿದೆ, ಈಗ ಮೊಟ್ಟೆ ಒಡೆದರೆ ಬಿಳಿ ಎಳೆ ಎಳೆಯಾಗಿ ಹರಿದುಹೋಗುತ್ತದೆ. ಗೆರೆ ಎರಡು ಕ್ಷಣ ಹಾಗೇ ನಿಂತು ನಿಧಾನಕ್ಕೆ ಮುಚ್ಚಿಕೊಂಡರೆ ಹದ ಬಂದಿದೆ. ಆತುರವಿದ್ದರೆ ಎರಡು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿ, ತಕ್ಷಣ ಗಟ್ಟಿಯಾಗುತ್ತದೆ. ಟ್ಯುನೀಷಿಯಾದವರು ಒಪ್ಪುತ್ತಾರೋ ಬಿಡುತ್ತಾರೋ, ಚಳ್ಳಕೆರೆ ಸೀಮೆಯವರ ನಾಲಿಗೆಗೆ ಇದೇ ರುಚಿ.

ಉರಿ ಸಣ್ಣಗೆ ಮಾಡಿ ನಾಲ್ಕು ಗುಳಿ ತೋಡಿ. ಪ್ರತಿ ಮೊಟ್ಟೆಯನ್ನೂ ಮೊದಲು ಬಟ್ಟಲಿಗೆ ಒಡೆದು, ಆಮೇಲೆ ಗುಳಿಗೆ ಜಾರಿಸಿ. ಬಿಳಿ ಪೂರ್ತಿ ಗಟ್ಟಿಯಾಗಲು ಸುಮಾರು 80 ಡಿಗ್ರಿ ಸೆಲ್ಸಿಯಸ್ ಬೇಕು, ಹಳದಿ 70ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಹಳದಿಯನ್ನು ಮುಟ್ಟದೆ, ಚಮಚದ ತುದಿಯಿಂದ ಬಿಳಿಯನ್ನಷ್ಟೇ ಸುತ್ತಲಿನ ಬಿಸಿ ಗೊಜ್ಜಿಗೆ ಬೆರೆಸಿ. ಮುಚ್ಚಳ ಮುಚ್ಚಿ ಐದಾರು ನಿಮಿಷ. ಎಲೆಕ್ಟ್ರಿಕ್ ಸುರುಳಿ ಒಲೆ ಆರಿಸಿದರೂ ಬಹಳ ಹೊತ್ತು ಕಾದೇ ಇರುತ್ತದೆ, ಬಾಣಲೆ ಅದರ ಮೇಲೆ ಬಿಟ್ಟರೆ ಹಳದಿ ಬಿರುಸಾಗುತ್ತದೆ, ಇಳಿಸಿಬಿಡಿ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಉಣ್ಣುವುದಿದ್ದರೆ ಹಳದಿಯೂ ಗಟ್ಟಿಯಾಗಲಿ. ಮೇಲೆ ಕೊತ್ತಂಬರಿ.

ಖಡಕ್ ರೊಟ್ಟಿ ಮುರಿದು ಅದ್ದಿ ತಿಂದರೆ ಇದರ ರುಚಿ ಪಿಟಾ ಬ್ರೆಡ್ಡಿಗಿಂತ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುದ್ದೆಗಾದರೆ ಇದು ಗಟ್ಟಿಯಾಯಿತು. ಮೊಟ್ಟೆ ಬಡಿಸಿಕೊಂಡ ಮೇಲೆ ಉಳಿದ ಗೊಜ್ಜಿಗೆ ಅರ್ಧ ಲೋಟ ಬಿಸಿನೀರು ಹಾಕಿ ಒಂದು ಕುದಿ ಬರಿಸಿ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಇಲ್ಲಿ ಬಂದು ತಿನ್ನಲು ಶುರುಮಾಡಿದವರು ವಿಡಿಯೋ ಕಾಲ್‌ನಲ್ಲಿ ಅವ್ವ "ಏನು ಉಂಡೆಪಾ?" ಅಂದಾಗ ಬಾಣಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ತಿನ್ನುವುದು ಬಿಡುವುದು ಅವರವರ ಇಷ್ಟ. ಆದರೆ ಅಪ್ಪ-ಅವ್ವ ಬಂದು ಮೂರು ತಿಂಗಳು ಇರುವಾಗ ಮೊಟ್ಟೆಯ ಬಾಣಲೆ, ಸೌಟು, ಪಾತ್ರೆ ಉಜ್ಜುವ ಸ್ಪಂಜು ಬೇರೆಯೇ ಇರಲಿ, ಅವರು ಕೇಳುವ ಮೊದಲೇ ತೆಗೆದಿಡಿ. ಅವರಿಗೆ ಅದೇ ಗೊಜ್ಜಿಗೆ ಪನೀರ್ ಅಥವಾ ಬೇಯಿಸಿದ ಕಾಬೂಲಿ ಕಡಲೆ ಹಾಕಿಕೊಡಿ.

ಮಕ್ಕಳಿಗೆ ಹಸಿಮೆಣಸಿನಕಾಯಿ, ಖಾರದ ಪುಡಿ ಎರಡನ್ನೂ ಬಿಟ್ಟು ಗೊಜ್ಜು ಮಾಡಿ, ಅವರ ಪಾಲು ತೆಗೆದ ಮೇಲೆ ನಿಮ್ಮದಕ್ಕೆ ಖಾರ ಸೇರಿಸಿ. ಇಲ್ಲೇ ಹುಟ್ಟಿದವರಿಗೆ ಸಂಜೆಯ ಮಂಡಕ್ಕಿ-ಮಿರ್ಚಿಯ ವಾಸನೆ ಗೊತ್ತಿಲ್ಲ, ಅದನ್ನು ಬಾಯಿಮಾತಲ್ಲಿ ಕಲಿಸಲೂ ಆಗುವುದಿಲ್ಲ. ಅದೊಂದು ನಷ್ಟವೇ. ಅವರಿಗೆ ಮನೆಯ ವಾಸನೆ ಅಂದರೆ ಈ ಅಡುಗೆಮನೆಯ ಜೀರಿಗೆ-ಬೆಳ್ಳುಳ್ಳಿಯದು. ಹಾಗಾಗಿ ವಾರಕ್ಕೊಮ್ಮೆಯಾದರೂ ಅವರನ್ನು ಒಲೆಯ ಹತ್ತಿರ ಕರೆದು ಮೊಟ್ಟೆ ಒಡೆಯಲು ಬಿಡಿ, ಸಿಪ್ಪೆ ಬಿದ್ದರೆ ಬಟ್ಟಲಲ್ಲೇ ಸಿಗುತ್ತದೆ.

ಭಾನುವಾರ ಗೊಜ್ಜನ್ನು ದುಪ್ಪಟ್ಟು ಮಾಡಿ, ಮೊಟ್ಟೆ ಹಾಕುವ ಮೊದಲೇ ಅರ್ಧ ತೆಗೆದಿಡಿ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಮೂರು ತಿಂಗಳು ಇರುತ್ತದೆ. ಬೆಂದ ಮೊಟ್ಟೆಯನ್ನು ಮಾತ್ರ ಮೈಕ್ರೋವೇವ್‌ನಲ್ಲಿ ಇಡಿಯಾಗಿ ಬಿಸಿ ಮಾಡಬೇಡಿ. ಹಳದಿಯೊಳಗೆ ಹಬೆ ತುಂಬಿ ಸಿಡಿಯುತ್ತದೆ, ಮುಖಕ್ಕೆ ಹಾರಿದರೆ ಸುಡುತ್ತದೆ.