ಟೆನಿಸ್ ರ್ಯಾಕೆಟ್‌ಗೆ ಗಟ್ಟಿಂಗ್: ಕೈ ನೋಡಿ ತಂತಿ ಹಾಕಿಸಿ

ಎರಡು ವರ್ಷದ ಹಿಂದೆ ಮಗಳ ರ್ಯಾಕೆಟ್‌ನ ತಂತಿ ತುಂಡಾಯಿತು. ಆಗ ಅವಳಿಗೆ 12 ವರ್ಷ. ದಾವಣಗೆರೆಯ ಒಂದು ಅಂಗಡಿಗೆ ಗಟ್ಟಿಂಗ್‌ಗೆ, ಅಂದರೆ ಹೊಸ ತಂತಿ ಹಾಕಲು, ಕೊಟ್ಟೆ. ‘ಪಾಲಿ ಹಾಕಿಸ್ರೀ ಸರ್, ದೊಡ್ಡ ಆಟಗಾರರೆಲ್ಲ ಹಾಕೋದು ಅದನ್ನೇ. ಬೇಗ ಕಿತ್ತು ಹೋಗಲ್ಲ’ ಎಂದರು. ಪಾಲಿ ಎಂದರೆ ಪಾಲಿಯೆಸ್ಟರ್ ತಂತಿ. ಕಿತ್ತು ಹೋಗದಿದ್ದರೆ ಒಳ್ಳೆಯದೇ ಅಲ್ವಾ ಎಂದು ಒಪ್ಪಿಕೊಂಡೆ. ಎಷ್ಟು ಬಿಗಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರು ವಾರಕ್ಕೆ ಹುಡುಗಿ ಮೊಣಕೈ ಹಿಡಿದುಕೊಂಡು ಕೂತಳು. ಕೋಚ್ ಅವಳ ರ್ಯಾಕೆಟನ್ನು ಅಂಗೈಗೆ ಬಡಿದು ನೋಡಿ, ‘ಇದೇನ್ರೀ, ಹಲಗೆ ಇದ್ದಂಗೆ ಐತಿ’ ಎಂದರು. ಎರಡು ತಿಂಗಳು ಆಟ ನಿಂತಿತು.

ಆಮೇಲೆ ಈ ತಂತಿಯ ವಿಷಯವನ್ನು ಹಟ ಹಿಡಿದು ಕಲಿತೆ. ಈಗ ಮನೆಯಲ್ಲೇ ಸಣ್ಣ ಮಷೀನ್ ಇದೆ. ನಮ್ಮ ಊರಿನಲ್ಲಿ ಮಕ್ಕಳನ್ನು ಟೆನಿಸ್‌ಗೆ ಕಳಿಸುವ ಅಪ್ಪ ಅಮ್ಮಂದಿರಿಗೆ, ಬೆಳಿಗ್ಗೆ ಆಡಲು ಹೋಗುವ ದೊಡ್ಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಯಾವ ತಂತಿ ಎಂದು ತೀರ್ಮಾನಿಸಿ

ಗಟ್ ಎಂದರೆ ಕರುಳು. ಗಟ್ಟಿಂಗ್ ಎಂಬ ಮಾತು ಬಂದದ್ದೇ ಅಲ್ಲಿಂದ. ಫ್ರಾನ್ಸಿನ ಲಿಯೋನ್ ಊರಿನ ಬಾಬೊಲಾ ಕಂಪನಿ 1875ರಲ್ಲೇ ಟೆನಿಸ್‌ಗೆ ಕರುಳಿನ ತಂತಿ ಮಾಡಿತು. ಈಗ ನ್ಯಾಚುರಲ್ ಗಟ್ ಎಂದು ಮಾರುವುದು ಹಸುವಿನ ಕರುಳಿನಿಂದ ಮಾಡಿದ್ದು. ಕೈಗೆ ಅದರಷ್ಟು ಮೆತ್ತಗಿನ ತಂತಿ ಇನ್ನೊಂದಿಲ್ಲ, ಬಿಗಿಯನ್ನೂ ಬಹಳ ದಿನ ಹಿಡಿದಿಡುತ್ತದೆ. ಆದರೆ ಬೆಲೆ ತುಂಬಾ ಜಾಸ್ತಿ, ಒದ್ದೆಯಾದರೆ ಕೆಡುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ಬೇಡ ಎನ್ನುತ್ತಾರೆ. ಹಾಗಿದ್ದರೆ ಪ್ಯಾಕೆಟ್ ಮೇಲೆ ಏನಿದೆ ಎಂದು ಓದಿಯೇ ತೆಗೆದುಕೊಳ್ಳಿ. ‘ಸಿಂಥೆಟಿಕ್ ಗಟ್’ ಎಂದಿದ್ದರೆ ಅದು ನೈಲಾನ್, ಕರುಳಲ್ಲ.

ಹೊಸಬರಿಗೆ ಈ ನೈಲಾನ್ ಸಾಕು. ಅಗ್ಗ, ಹದವಾಗಿರುತ್ತದೆ. ಕೈನೋವು ಇರುವವರಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ಮಲ್ಟಿಫಿಲಮೆಂಟ್ ಒಳ್ಳೆಯದು. ನೂರಾರು ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ತಂತಿ ಅದು. ಹುರಿ ಹಗ್ಗ ಇದ್ದಂತೆ, ಚೆಂಡಿನ ಪೆಟ್ಟನ್ನು ತಾನೇ ನುಂಗುತ್ತದೆ. ಬಳಸುತ್ತಾ ಎಳೆ ಎದ್ದು ಜುಂಗು ಬರುತ್ತದೆ, ಹೆದರಬೇಡಿ.

ಇನ್ನು ಪಾಲಿಯೆಸ್ಟರ್. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುರ್ಟನ್ ಲಕ್ಸಿಲಾನ್ ಕಂಪನಿಯ ಪಾಲಿ ತಂತಿಯಲ್ಲಿ ಫ್ರೆಂಚ್ ಓಪನ್ ಗೆದ್ದ ಮೇಲೆ ಇದರ ಕಾಲ ಶುರುವಾಯಿತು. ಚೆಂಡು ತಾಗಿದಾಗ ಈ ತಂತಿ ಪಕ್ಕಕ್ಕೆ ಜಾರಿ, ಚಟ್ಟನೆ ವಾಪಸ್ ತನ್ನ ಜಾಗಕ್ಕೆ ಬರುತ್ತದೆ. ಚೆಂಡಿಗೆ ಸ್ಪಿನ್ ಸಿಗುವುದು ಅದರಿಂದ. ಪೂರ್ತಿ ಜೋರಾಗಿ ಬೀಸಿ ಹೊಡೆಯುವವರಿಗೆ ಮಾತ್ರ ಆ ಲಾಭ. ಮೆಲ್ಲಗೆ ಹೊಡೆಯುವ ಮಗುವಿಗೆ ಸಿಗುವುದು ಪೆಟ್ಟು ಒಂದೇ. ಇನ್ನೊಂದು ಮಾತು: ಪಾಲಿ ಕಿತ್ತು ಹೋಗದಿದ್ದರೂ ಅದರ ಜೀವ ಹೋಗಿರುತ್ತದೆ. 15-20 ಗಂಟೆ ಆಡಿದ ಮೇಲೆ ಅದು ಜಾರಿ ವಾಪಸ್ ಬರುವುದು ಕಡಿಮೆಯಾಗುತ್ತದೆ. ತುಂಡಾಗಿಲ್ಲವಲ್ಲ ಎಂದು ಆರು ತಿಂಗಳು ಅದರಲ್ಲೇ ಆಡಿಸುವುದು ಕೈಗೆ ಮಾಡುವ ಅನ್ಯಾಯ. ನಾನು ಅದನ್ನೇ ಮಾಡುತ್ತಿದ್ದೆನೇನೋ, ಮಗಳು ಅಷ್ಟು ಬೇಗ ನೋವು ಎನ್ನದಿದ್ದರೆ.

ಎರಡು ತಂತಿ ಬೆರೆಸುವುದೂ ಇದೆ, ಹೈಬ್ರಿಡ್ ಎನ್ನುತ್ತಾರೆ. ರೋಜರ್ ಫೆಡರರ್ ಉದ್ದಕ್ಕೆ ನ್ಯಾಚುರಲ್ ಗಟ್, ಅಡ್ಡಕ್ಕೆ ಪಾಲಿ ಹಾಕಿಸುತ್ತಿದ್ದರು. ಕಾಲೇಜು ಹುಡುಗರು ಉದ್ದಕ್ಕೆ ಪಾಲಿ, ಅಡ್ಡಕ್ಕೆ ನೈಲಾನ್ ಹಾಕಿ ನೋಡಬಹುದು.

ದಪ್ಪದ ವಿಷಯ ಸುಲಭ. ಗೇಜ್ ಸಂಖ್ಯೆ ಏರಿದಷ್ಟೂ ತಂತಿ ತೆಳ್ಳಗೆ. 16 ಎಂದರೆ ಸುಮಾರು 1.30 ಮಿ.ಮೀ., 17 ಎಂದರೆ 1.25ರ ಆಸುಪಾಸು. ತೆಳ್ಳಗಿನದಕ್ಕೆ ಚೆಂಡಿನ ಸ್ಪರ್ಶ ಚೆನ್ನಾಗಿ ಗೊತ್ತಾಗುತ್ತದೆ, ಬೇಗ ಕಿತ್ತೂ ಹೋಗುತ್ತದೆ. ಮಣ್ಣಿನ ಕೋರ್ಟಿನಲ್ಲಿ ಆಡುವವರು 16 ಹಾಕಿಸಿ. ತಂತಿ ಕೂಡುವ ಜಾಗದಲ್ಲಿ ಧೂಳು ಕೂತು ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಆಮೇಲೆ ಬಿಗಿ

ತಂತಿಯನ್ನು ಎಷ್ಟು ತೂಕದಷ್ಟು ಎಳೆದು ಬಿಗಿಸಬೇಕು ಎಂದು ರ್ಯಾಕೆಟ್‌ನ ಫ್ರೇಮ್ ಮೇಲೆಯೇ ಬರೆದಿರುತ್ತದೆ, 50-60 ಪೌಂಡ್ ಎಂದೋ 23-27 ಕೆ.ಜಿ. ಎಂದೋ. ಬಿಗಿ ಕಡಿಮೆ ಮಾಡಿದರೆ ಚೆಂಡು ದೂರ ಹೋಗುತ್ತದೆ, ಕೈಗೆ ಆರಾಮ. ಜಾಸ್ತಿ ಮಾಡಿದರೆ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ಶಕ್ತಿ ನೀವೇ ಹಾಕಬೇಕು. ಸ್ವೀಡನ್‌ನ ಹಳೆಯ ಚಾಂಪಿಯನ್ ಬಿಯಾನ್ ಬೋರ್ಗ್ 80 ಪೌಂಡ್ ಹತ್ತಿರ ಬಿಗಿಸುತ್ತಿದ್ದರು. ಅದು ಅವರ ಕೈ, ಆಗಿನ ಮರದ ರ್ಯಾಕೆಟ್. ನಮಗೆ ಆ ಲೆಕ್ಕ ಬೇಡ.

ನೈಲಾನ್ ಅಥವಾ ಮಲ್ಟಿ ಆದರೆ ಬರೆದಿರುವುದರ ನಟ್ಟನಡುವಿನಿಂದ ಶುರು ಮಾಡಿ. 50-60 ಇದ್ದರೆ 55. ಪಾಲಿ ಆದರೆ ಅದಕ್ಕಿಂತ ಶೇ 10ರಷ್ಟು ಕಡಿಮೆ, ಅಂದರೆ 49-50. ಚೆಂಡು ಬೇಸ್‌ಲೈನ್ ದಾಟಿ ಹೋಗುತ್ತಲೇ ಇದ್ದರೆ ಮುಂದಿನ ಸಲ 2 ಪೌಂಡ್ ಏರಿಸಿ. ನೆಟ್‌ಗೆ ಬೀಳುತ್ತಿದ್ದರೆ, ಕೈ ನೋಯುತ್ತಿದ್ದರೆ 2 ಪೌಂಡ್ ಇಳಿಸಿ. ತಂತಿಯನ್ನೂ ಬಿಗಿಯನ್ನೂ ಒಟ್ಟಿಗೆ ಬದಲಾಯಿಸಬೇಡಿ. ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಹಾಕಿಸಿದ ಮೊದಲ ದಿನವೇ ತಂತಿ ಶೇ 10ರಷ್ಟು ಸಡಿಲವಾಗಬಹುದು. ಅದು ಅಂಗಡಿಯವರ ತಪ್ಪಲ್ಲ, ತಂತಿಯ ಗುಣ. ಬಿಸಿಲಿಗೆ ಇನ್ನೂ ಸಡಿಲವಾಗುತ್ತದೆ. ಭಾನುವಾರ ಆಟ ಮುಗಿಸಿ, ರ್ಯಾಕೆಟ್ ಕಾರಿನಲ್ಲಿ ಬಿಟ್ಟು ಬೆಣ್ಣೆ ದೋಸೆಗೆ ಕೂತರೆ, ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕಾರು ಒಲೆಯೇ. ಬ್ಯಾಗ್ ಜೊತೆಗೆ ಒಳಗೆ ಒಯ್ಯಿರಿ.

ಎಷ್ಟು ದಿನಕ್ಕೊಮ್ಮೆ ಹಾಕಿಸಬೇಕು? ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ. ಇದು ಆಟಗಾರರ ನಡುವೆ ಹಳೆಯ ಲೆಕ್ಕ. ಪಾಲಿ ಹಾಕುವವರಿಗೆ ಇದೂ ಸಾಲದು.

ಅಂಗಡಿಯಲ್ಲಿ ಏನು ಕೇಳಬೇಕು

ನಮ್ಮ ಕಡೆ ಗಟ್ಟಿಂಗ್ ಎಂದರೆ ಹೆಚ್ಚಾಗಿ ಬ್ಯಾಡ್ಮಿಂಟನ್. ಅದಕ್ಕೆ 20ರಿಂದ 28 ಪೌಂಡ್ ಸಾಕು. ಬ್ಯಾಡ್ಮಿಂಟನ್‌ಗೆಂದೇ ಮಾಡಿದ ಕೆಲವು ಮಷೀನ್‌ಗಳು 50 ಪೌಂಡ್ ಎಳೆಯುವುದೇ ಇಲ್ಲ. ಆದ್ದರಿಂದ ‘ಟೆನಿಸ್‌ಗೆ ಎಷ್ಟು ಪೌಂಡ್ ತನಕ ಎಳೀತದೆ ಅಣ್ಣ?’ ಎಂದು ಮೊದಲೇ ಕೇಳಿ. ತಂತಿಯ ಹೆಸರು, ಗೇಜ್, ಪೌಂಡ್ ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಸಂಜೆಗೆ ಮರೆತು ಹೋಗುತ್ತದೆ.

ಮಷೀನ್ ಕೊಳ್ಳುವುದಾದರೆ

ನಾಲ್ಕೈದು ಮನೆಯವರು ಸೇರಿ ಒಂದು ಕೊಂಡರೆ ಚೆನ್ನ. ಮೂರು ಬಗೆ ಇವೆ. ಡ್ರಾಪ್ ವೇಟ್ ಎಲ್ಲಕ್ಕಿಂತ ಅಗ್ಗ. ಒಂದು ಕಂಬಿ, ಅದರ ಮೇಲೆ ಜಾರುವ ತೂಕದ ಗುಂಡು. ಗುಂಡನ್ನು ಬೇಕಾದ ಪೌಂಡ್ ಗುರುತಿಗೆ ಸರಿಸಿ, ತಂತಿ ಸಿಕ್ಕಿಸಿ, ಕಂಬಿಯನ್ನು ಮೆಲ್ಲಗೆ ಇಳಿಬಿಡಬೇಕು. ಕಂಬಿ ನೆಲಕ್ಕೆ ಸಮನಾಗಿ ಮಲಗಿ ನಿಂತರೆ ಬಿಗಿ ಸರಿಯಾಗಿದೆ ಎಂದರ್ಥ. ಎಳೆಯುವುದು ಭೂಮಿಯೇ, ಕರೆಂಟ್ ಹೋದರೂ ಚಿಂತೆಯಿಲ್ಲ. ನನ್ನ ಹತ್ತಿರ ಇರುವುದು ಇದೇ.

ಎರಡನೆಯದು ಕ್ರ್ಯಾಂಕ್. ಹಿಡಿಕೆ ತಿರುಗಿಸಿದರೆ ಗುರುತಿನ ಬಿಗಿ ಬಂದಾಗ ಟಕ್ ಎಂದು ನಿಲ್ಲುತ್ತದೆ. ಕೆಲಸ ಬೇಗ ಆಗುತ್ತದೆ. ಆದರೆ ನಿಂತ ಮೇಲೆ ಅದು ಎಳೆಯುವುದಿಲ್ಲ, ಅಷ್ಟರಲ್ಲೇ ತಂತಿ ಚೂರು ಸಡಿಲವಾಗುತ್ತದೆ. ಅದೇ ಪೌಂಡ್‌ಗೆ ಡ್ರಾಪ್ ವೇಟ್‌ಗಿಂತ ಸ್ವಲ್ಪ ಮೆತ್ತಗೆ ಬರುತ್ತದೆ. ಮೂರನೆಯದು ಎಲೆಕ್ಟ್ರಾನಿಕ್. ಬಿಡದೆ ಎಳೆದು ಹಿಡಿಯುತ್ತದೆ. ದಿನಾ ಹತ್ತಾರು ರ್ಯಾಕೆಟ್ ಮಾಡುವ ಅಂಗಡಿಗೆ ಸರಿ, ಮನೆಗೆ ದುಬಾರಿ.

ಯಾವುದೇ ಕೊಂಡರೂ, ಎಳೆದ ತಂತಿ ಸಡಿಲವಾಗದಂತೆ ಹಿಡಿದಿಡುವ ಹಿಡಿಕ್ಲಿಪ್‌ಗಳು ಮಷೀನ್‌ಗೇ ಕೂಡಿಕೊಂಡಿದ್ದರೆ ಉತ್ತಮ. ಬಿಡಿ ಕ್ಲಿಪ್‌ಗಳು ಜಾರುತ್ತವೆ. ಚೀಲ ತೂಗುವ ಕೊಕ್ಕೆ ತಕ್ಕಡಿಯಿಂದ ಆಗಾಗ ಮಷೀನ್ ಪರೀಕ್ಷೆ ಮಾಡಿ. 50 ಪೌಂಡ್‌ಗೆ ಇಟ್ಟರೆ ತಕ್ಕಡಿ 22.7 ಕೆ.ಜಿ. ತೋರಿಸಬೇಕು.

ಈಗ ಕೂತು ಹಾಕೋಣ

ಹಳೆ ತಂತಿ ಕತ್ತರಿಸುವ ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಯಾವ ತೂತು ಬಿಟ್ಟಿದ್ದಾರೆ, ಗಂಟು ಎಲ್ಲಿದೆ, ಎಲ್ಲ ಅದರಲ್ಲಿರುತ್ತದೆ. ಕತ್ತರಿಸುವಾಗ ನಡುವಿನಿಂದ ಹೊರಕ್ಕೆ ಬನ್ನಿ. ಒಂದೇ ಬದಿ ಕತ್ತರಿಸಿದರೆ ಫ್ರೇಮ್ ತಿರುಚಿಕೊಳ್ಳುತ್ತದೆ. ತೂತಿನ ಪ್ಲಾಸ್ಟಿಕ್ ಒಡೆದಿದ್ದರೆ ಮೊದಲು ಬದಲಾಯಿಸಿ, ಇಲ್ಲದಿದ್ದರೆ ಹೊಸ ತಂತಿ ಅಲ್ಲೇ ಕಡಿಯುತ್ತದೆ.

ಮೊಳಕಾಲ್ಮೂರಿನಲ್ಲಿ ಸೀರೆ ನೇಯುವುದನ್ನು ನೋಡಿದವರಿಗೆ ಮುಂದಿನದು ಬೇಗ ಹೊಳೆಯುತ್ತದೆ. ಉದ್ದ ತಂತಿ ಹಾಸು, ಅಡ್ಡ ತಂತಿ ಹೊಕ್ಕು. ಒಂದು ರ್ಯಾಕೆಟ್‌ಗೆ 12 ಮೀಟರ್ ಬೇಕು. ಹಾಸನ್ನು ನಟ್ಟನಡುವಿನಿಂದ ಶುರು ಮಾಡಿ ಎಡಕ್ಕೆ, ಬಲಕ್ಕೆ ಸರದಿಯಂತೆ ಎಳೆಯಿರಿ. ಒಂದು ಬದಿ ಇನ್ನೊಂದಕ್ಕಿಂತ ಎರಡು ತಂತಿಗಿಂತ ಜಾಸ್ತಿ ಮುಂದೆ ಹೋಗಬಾರದು. ಹೊಕ್ಕನ್ನು ಸಾಧ್ಯವಾದಷ್ಟೂ ತಲೆ ಕಡೆಯಿಂದ ಹಿಡಿ ಕಡೆಗೆ ಇಳಿಸಿ. ಒಂದರ ಮೇಲೆ, ಒಂದರ ಕೆಳಗೆ. ಒಂದು ಸಾಲು ಎಳೆಯುವ ಮೊದಲೇ ಮುಂದಿನ ಸಾಲು ನೇಯ್ದಿಟ್ಟುಕೊಂಡರೆ ಕೆಲಸ ಅರ್ಧಕ್ಕರ್ಧ ಹಗುರ. ಮಲ್ಟಿ ತಂತಿಯನ್ನು ಸರ್ರನೆ ಎಳೆಯಬೇಡಿ, ಉಜ್ಜಿದ ಬಿಸಿಗೆ ಸುಟ್ಟು ಗೀರು ಬೀಳುತ್ತದೆ. ಪ್ರತಿ ಸಾಲಿನಲ್ಲೂ ನಿಂತು ನೋಡಿ. ಎಲ್ಲೋ ಒಂದು ಕಡೆ ಮೇಲೆ ಕೆಳಗೆ ತಪ್ಪಿದ್ದು ಕೊನೆಯಲ್ಲಿ ಗೊತ್ತಾದರೆ ಬಿಚ್ಚುವುದೊಂದೇ ದಾರಿ.

ನನಗೆ ಮೊದಲ ರ್ಯಾಕೆಟ್‌ಗೆ ಮೂರು ಗಂಟೆ ಹಿಡಿಯಿತು. ಈಗ ಒಂದು ಗಂಟೆಯೊಳಗೆ ಮುಗಿಯುತ್ತದೆ. ಗಂಟು ಹಾಕಿ, ತಂತಿಗಳನ್ನು ಬೆರಳಿನಿಂದ ನೇರ ಮಾಡಿ, ತಾರೀಖು ಮತ್ತು ಪೌಂಡ್ ಬರೆದ ಸಣ್ಣ ಚೀಟಿಯನ್ನು ಹಿಡಿಯ ಹತ್ತಿರ ಅಂಟಿಸುತ್ತೇನೆ. ಮಗಳ ರ್ಯಾಕೆಟ್‌ನಲ್ಲಿ ಈಗ 16 ಗೇಜ್ ಮಲ್ಟಿ ಇದೆ, 52 ಪೌಂಡ್. ‘ಅಪ್ಪಾ, ಬ್ಯಾಕ್‌ಹ್ಯಾಂಡ್ ಸ್ವಲ್ಪ ಉದ್ದ ಹೋಗ್ತಿದೆ’ ಎಂದು ನಿನ್ನೆ ಹೇಳಿದಳು. ಈ ಭಾನುವಾರ 54 ಹಾಕಿ ನೋಡುತ್ತೇವೆ.