ಜುಲೈ ತಿಂಗಳ ಪ್ರಶ್ನೆಗಳಿಗೆ ಏಪ್ರಿಲ್‌ನಲ್ಲೇ ಉತ್ತರ: ನನ್ನ ಅನುಭವ

ಉಡುಪಿಯಲ್ಲಿ ಆದಾಯ ತೆರಿಗೆ ರಿಟರ್ನ್ ತುಂಬುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ರಿಟರ್ನ್ ಸಲ್ಲಿಸಲು ಸಾಮಾನ್ಯವಾಗಿ ಜುಲೈ 31 ಕೊನೆಯ ದಿನವಾದ್ದರಿಂದ, ಇದೇ ಕೆಲಸದಲ್ಲಿರುವವರಿಗೆ ಆ ತಿಂಗಳು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ಕಳೆದ ಎರಡು ಸೀಸನ್‌ಗಳಲ್ಲಿ ನನ್ನ ಕಚೇರಿಗೆ ಆ ತಿಂಗಳು ಬರುವ ಫೋನ್ ಕರೆಗಳು ಅರ್ಧಕ್ಕಿಂತ ಕೆಳಗಿಳಿದಿವೆ, ತುಂಬಿದ ರಿಟರ್ನ್‌ಗಳ ಸಂಖ್ಯೆ ಏರಿದೆ, ದೋಷಪೂರಿತ ರಿಟರ್ನ್ ಎಂದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 139(9)ರ ಅಡಿಯಲ್ಲಿ ಬರುವ ನೋಟಿಸ್‌ಗಳು ಬೆರಳೆಣಿಕೆಗೆ ಬಂದಿವೆ. ಇದಕ್ಕೆ ಕಾರಣವಾದದ್ದು ಯಾವ ಸಾಫ್ಟ್‌ವೇರೂ ಅಲ್ಲ, ಕನ್ನಡದಲ್ಲಿ ಅಚ್ಚು ಹಾಕಿಸಿದ ಸುಮಾರು ಒಂದು ಡಜನ್ ಚೀಟಿಗಳು. ಇದು ನಡೆಯುವ ಮಾತಲ್ಲ ಎಂದು ಹೇಳಿದವರೇ ಈಗ ಆ ಚೀಟಿಗಳ ಪ್ರತಿ ಕೇಳುತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು.

ಮೊದಲು ನಡೆಯದೆ ಹೋದ ಪ್ರಯತ್ನಗಳ ವಿಷಯ. ಆರಂಭದಲ್ಲಿ ನಾನು ಒಂದು ಕೈಪಿಡಿ ಅಚ್ಚು ಹಾಕಿಸಿದೆ. ಆದಾಯದಿಂದ ಕಳೆಯಬಹುದಾದ ಮೊತ್ತಗಳ ಬಗ್ಗೆ 80ಸಿ, 80ಡಿ, 24ಬಿ ಎಂದು ಸೆಕ್ಷನ್‌ವಾರು ವಿವರಣೆ ಕೊಟ್ಟು, ನಲವತ್ತು ಪುಟಗಳಷ್ಟು ಮಾಡಿ, ಐನೂರು ಪ್ರತಿ ತೆಗೆಸಿದ್ದಕ್ಕೆ ಪ್ರೆಸ್ಸಿನವರಿಗೆ ಇಪ್ಪತ್ತು ಸಾವಿರದ ಹತ್ತಿರ ಕೊಟ್ಟ ನೆನಪು. ತೆಗೆದುಕೊಂಡು ಹೋದವರು ಓದಲಿಲ್ಲ, ಓದಿದವರು ತಮ್ಮ ಸೆಕ್ಷನ್ ಯಾವುದೆಂದು ಫೋನ್ ಮಾಡಿ ಕೇಳಿದರು. 2023ರ ಬಜೆಟ್ಟಿನಲ್ಲಿ, ಇಂಥ ಕಡಿತಗಳು ಬಹುತೇಕ ಸಿಗದ ಹೊಸ ತೆರಿಗೆ ಪದ್ಧತಿಯನ್ನೇ ಮೂಲ ಆಯ್ಕೆಯಾಗಿ ಮಾಡಿದ ಮೇಲೆ ಅದರ ಮೊದಲ ಅಧ್ಯಾಯವೇ ಪ್ರಯೋಜನಕ್ಕೆ ಬಾರದಂತಾಯಿತು. ಬಳಿಕ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆ. ಎರಡನೆಯ ವಾರದಲ್ಲಿಯೇ ಜನ ಅದರಲ್ಲಿ ಪ್ಯಾನ್, ಆಧಾರ್, ಫಾರ್ಮ್ 16ರ (ಸಂಬಳ ಮತ್ತು ಅದರಿಂದ ಹಿಡಿದ ತೆರಿಗೆಯ ಪ್ರಮಾಣಪತ್ರ) ಚಿತ್ರಗಳನ್ನು ಎಲ್ಲರೂ ನೋಡುವಂತೆ ಹಾಕತೊಡಗಿದ್ದರಿಂದ ಅದನ್ನು ಮುಚ್ಚಲೇಬೇಕಾಯಿತು. ಫೋನ್ ಎತ್ತುವುದಕ್ಕೆಂದೇ ತಿಂಗಳಿಗೆ ಹನ್ನೆರಡು ಸಾವಿರ ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡದ್ದೂ ಉಂಟು. ಅವನು ಚುರುಕಾಗಿಯೇ ಇದ್ದ. ಆದರೆ ಕಾಗದ ನೋಡದೆ ಬಾಯಲ್ಲಿ ಕೊಟ್ಟ ಉತ್ತರ ಎಷ್ಟೇ ಸರಿಯಿದ್ದರೂ, ಅದು ಕೇಳಿದವರ ಲೆಕ್ಕಕ್ಕೆ ಹೊಂದುತ್ತದೆ ಎಂದು ಹೇಳುವಂತಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ನೋಟುಪುಸ್ತಕದಿಂದ. ಬಂದ ಪ್ರಶ್ನೆಗಳನ್ನು ನನ್ನ ಭಾಷೆಗೆ ತಿರುಗಿಸದೆ, ಕೇಳಿದವರ ಮಾತಿನಲ್ಲಿಯೇ ಅದರಲ್ಲಿ ಬರೆದಿಡುತ್ತ ಬಂದಿದ್ದೆ. “ಟಿಡಿಎಸ್ ಕಟ್ ಆಗಿದೆಯಲ್ಲ, ಇನ್ನೂ ಯಾಕೆ ಕಟ್ಟಬೇಕು?”, “ಮಗನ ದುಬೈ ಸಂಬಳ ತೋರಿಸಬೇಕಾ?”, “ಅಡಿಕೆ ದುಡ್ಡಿಗೆ ಟ್ಯಾಕ್ಸ್ ಇಲ್ಲವಲ್ಲ?”, “ರಿಫಂಡ್ ಯಾವಾಗ ಬರುತ್ತದೆ?” ಎಂಬಂಥವು. (ಟಿಡಿಎಸ್ ಎಂದರೆ ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ.) ನಾಲ್ಕೈದು ನೂರು ಪ್ರಶ್ನೆಗಳಾದ ಮೇಲೆ ವಿಂಗಡಿಸಿ ನೋಡಿದಾಗ, ಮುಕ್ಕಾಲು ಪಾಲು ಸುಮಾರು ಮೂವತ್ತು ಪ್ರಶ್ನೆಗಳ ಪುನರಾವರ್ತನೆಯೇ ಆಗಿತ್ತು. ಸೆಕ್ಷನ್ ಪ್ರಕಾರ ವಿಂಗಡಿಸಿದರೆ ಅವು ಚೆಲ್ಲಾಪಿಲ್ಲಿಯಾಗುತ್ತಿದ್ದವು, ಮನೆಯ ಪ್ರಕಾರ ವಿಂಗಡಿಸಿದಾಗ ಮಾತ್ರ ಒಂದೆಡೆ ಕೂಡಿಕೊಂಡವು. ಬ್ಯಾಂಕಿನಿಂದ ನಿವೃತ್ತರಾದವರ ಮನೆ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಬರುವ ಮನೆ, ಸಂಬಳದ ಜೊತೆ ತೋಟ ಇರುವ ಮನೆ, ಗಲ್ಫ್‌ನಲ್ಲಿ ಅಥವಾ ಹಡಗಿನಲ್ಲಿ ದುಡಿಯುವವರ ಮನೆ, ಇತ್ಯಾದಿ. ಹೀಗೆ ಒಂದೊಂದು ಬಗೆಯ ಮನೆಗೆ ಒಂದೊಂದು ಚೀಟಿ ಆಯಿತು.

ಚೀಟಿ ಒಂದೇ ಮಗ್ಗುಲಿನದು, ಅಂಗೈ ಅಗಲದ ದಪ್ಪ ಕಾಗದ. ಮೇಲ್ಭಾಗದಲ್ಲಿ ಕೇಳಲು ಬಂದವರಿಗೇ ಮೂರು ಮರುಪ್ರಶ್ನೆಗಳು, ಅದರ ಕೆಳಗೆ ತರಬೇಕಾದ ಕಾಗದಗಳು, ನಡುವೆ ರೂಪಾಯಿಯಲ್ಲಿ ಮಾಡಿ ತೋರಿಸಿದ ಒಂದೇ ಒಂದು ಲೆಕ್ಕ. ಕೊನೆಗೆ, ಮೂರೂ ಪ್ರಶ್ನೆಗಳಿಗೆ ನಿಮ್ಮ ಉತ್ತರ ‘ಅಲ್ಲ’ ಎಂದಾದರೆ ಈ ಚೀಟಿ ನಿಮಗಲ್ಲ ಎಂಬ ಸಾಲು. ಎಐಎಸ್ ಮತ್ತು 26ಎಎಸ್ (ತೆರಿಗೆ ಇಲಾಖೆಯ ಬಳಿ ಇರುವ ನಮ್ಮ ಆದಾಯ ಹಾಗೂ ಟಿಡಿಎಸ್ ವಿವರಗಳು) ಮುಂದಿಟ್ಟುಕೊಳ್ಳದೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ ಎಂಬ ನಿಯಮವನ್ನೂ ಜೊತೆಗೆ ಜಾರಿಗೆ ತಂದೆ. ಈ ನಿಯಮಕ್ಕೆ ಬೇಸರಿಸಿಕೊಂಡು ಬಿಟ್ಟುಹೋದವರು ಇದ್ದಾರೆ, ಅವರಲ್ಲಿ ಹಲವರು ಮರುವರ್ಷ ಹಿಂದಿರುಗಿದ್ದಾರೆ.

ಕುಟುಂಬ ಪಿಂಚಣಿಯ ಚೀಟಿ ಎಷ್ಟು ಅಗತ್ಯವಾಗಿತ್ತು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕಾರ್ಕಳದ ಕಡೆಯ ವಯಸ್ಸಾದ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್‌ಗಳನ್ನು ಹಿಡಿದುಕೊಂಡು ಬಂದು, “ರಿಫಂಡ್ ಯಾವಾಗ ಬರ್ತದೆ ಸಾರ್?” ಎಂದು ಕೇಳಿದರು. ಬೇರೆಲ್ಲೋ ತುಂಬಿಸಿದ್ದ ರಿಟರ್ನ್ ತೆರೆದು ನೋಡಿದರೆ, ಅವರ ಕುಟುಂಬ ಪಿಂಚಣಿಯನ್ನು ಸಂಬಳದ ಶೀರ್ಷಿಕೆಯಲ್ಲಿ ತೋರಿಸಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳಕ್ಕೆ, ಸ್ವಂತ ನೌಕರಿಯ ಪಿಂಚಣಿಗೆ ಸಿಗುವ ನಿಗದಿತ ಕಡಿತ) ಕಳೆಯಲಾಗಿತ್ತು. ಕುಟುಂಬ ಪಿಂಚಣಿ ‘ಇತರ ಮೂಲಗಳ’ ಆದಾಯ. ಅದಕ್ಕೆ ಹೊಸ ಪದ್ಧತಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಹಳೆಯದರಲ್ಲಿ ಮೂರನೇ ಒಂದು ಭಾಗ ಅಥವಾ 15,000, ಇವುಗಳಲ್ಲಿ ಕಡಿಮೆಯಾದದ್ದನ್ನಷ್ಟೇ ಕಳೆಯಬಹುದು. “ಅಮ್ಮಾ, ಈ ಪಿಂಚಣಿ ನಿಮ್ಮ ನೌಕರಿಯದ್ದಾ, ಯಜಮಾನರದ್ದಾ?” ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ಸಾಕಿತ್ತು. ಆ ಚೀಟಿಯ ಮೊದಲ ಮರುಪ್ರಶ್ನೆ ಇಂದಿಗೂ ಅದೇ ವಾಕ್ಯದಲ್ಲಿದೆ.

ನಿವೃತ್ತ ಬ್ಯಾಂಕ್ ನೌಕರರು ನಮ್ಮ ಜಿಲ್ಲೆಗಳಲ್ಲಿ ಎಷ್ಟಿದ್ದಾರೆಂದು ಹೇಳಬೇಕಾಗಿಲ್ಲ, ಅಷ್ಟು ಬ್ಯಾಂಕುಗಳು ಇಲ್ಲಿಯೇ ಹುಟ್ಟಿದವು. ಅವರಿಗೆ ಲೆಕ್ಕ ಬರುತ್ತದೆ, ಆದುದರಿಂದಲೇ ಅವರನ್ನು ಒಪ್ಪಿಸುವುದು ಕಷ್ಟ. 2025-26ರ ಆರ್ಥಿಕ ವರ್ಷಕ್ಕೆ ಅವರ ಚೀಟಿಯಲ್ಲಿರುವ ಲೆಕ್ಕ ಹೀಗಿದೆ: ಪಿಂಚಣಿ 9 ಲಕ್ಷ, ಎಫ್‌ಡಿ ಬಡ್ಡಿ 6 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14.25 ಲಕ್ಷ. ಪಿಂಚಣಿ ಕೊಡುವವರು ತಮ್ಮ 9 ಲಕ್ಷವನ್ನಷ್ಟೇ ನೋಡಿ, ಅದು 12 ಲಕ್ಷದವರೆಗಿನ ಆದಾಯದ ತೆರಿಗೆಯನ್ನು ಮನ್ನಾ ಮಾಡುವ 87ಎ ರಿಯಾಯಿತಿಯೊಳಗೆ ಬರುವುದರಿಂದ ಏನನ್ನೂ ಹಿಡಿಯುವುದಿಲ್ಲ. ಎಫ್‌ಡಿ ಇಟ್ಟ ಕಡೆ ಶೇ. 10ರಂತೆ 60,000 ಟಿಡಿಎಸ್ ಹಿಡಿದಿರುತ್ತಾರೆ. ಎರಡನ್ನೂ ಕೂಡಿಸಿ ನೋಡಿದರೆ ಹೊಸ ಪದ್ಧತಿಯಲ್ಲಿ ತೆರಿಗೆ 93,750, ಸೆಸ್ ಸೇರಿ 97,500. ಬಾಕಿ 37,500. ಈ ಲೆಕ್ಕವನ್ನು ಒಮ್ಮೆ ಪೆನ್ಸಿಲ್‌ನಲ್ಲಿ ತಾವೇ ಮಾಡಿ ನೋಡಿದವರು “ಟಿಡಿಎಸ್ ಕಟ್ ಆಗಿದೆಯಲ್ಲ” ಎಂಬ ಮಾತನ್ನು ಮತ್ತೆ ಎತ್ತಿಲ್ಲ. ವ್ಯಾಪಾರದ ಆದಾಯವಿಲ್ಲದ ಹಿರಿಯ ನಾಗರಿಕರು ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲ, ರಿಟರ್ನ್ ಸಲ್ಲಿಸುವ ಮೊದಲು ಬಾಕಿ ಕಟ್ಟಿದರೆ ಸಾಕು ಎಂಬ ಸಮಾಧಾನದ ಸಾಲೂ ಅಲ್ಲಿದೆ.

ಇದೇ ಗುಂಪಿನಲ್ಲಿ ರಿಫಂಡ್ ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಕಾರಣವೂ ಇತ್ತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು ವಿಲೀನವಾಗಿ ಐಎಫ್‌ಎಸ್‌ಸಿ ಸಂಖ್ಯೆಗಳು ಬದಲಾದವು. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದವರ ಖಾತೆಗಳನ್ನು ಮತ್ತೆ ವ್ಯಾಲಿಡೇಟ್ ಮಾಡಿಸದೆ ಹಣ ಬರುವಂತಿರಲಿಲ್ಲ. ಈ ಕೆಲಸಕ್ಕೆ ಜುಲೈವರೆಗೆ ಕಾಯಬೇಕಾದ ಅಗತ್ಯವೇ ಇಲ್ಲ ಎಂಬುದು ಹೊಳೆದದ್ದರಿಂದಲೇ ಏಪ್ರಿಲ್ ಭೇಟಿಯ ಕಲ್ಪನೆ ಹುಟ್ಟಿತು.

ಅಡಿಕೆಯ ಚೀಟಿಯ ಬಗ್ಗೆ ನನಗೆ ವಿಶೇಷ ಅಭಿಮಾನವಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, 12 ಲಕ್ಷದವರೆಗೂ ತೆರಿಗೆ ಇಲ್ಲ, ಎರಡನ್ನೂ ಕೇಳಿದವರು ತೋಟದ ಆದಾಯವನ್ನು ತೋರಿಸುವುದೇ ಬೇಡ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆದರೆ ಉಳಿದ ಆದಾಯದ ತೆರಿಗೆ ಎಷ್ಟೆಂದು ನಿರ್ಧರಿಸಲು ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಡಿಡಕ್ಷನ್ ಕಳೆದು ಸಂಬಳ 10 ಲಕ್ಷ, ಖರ್ಚು ಕಳೆದು ತೋಟದ ಆದಾಯ 5 ಲಕ್ಷ ಇದ್ದರೆ 2025-26ಕ್ಕೆ ಏನಾಗುತ್ತದೆ ನೋಡಿ. ಎರಡನ್ನೂ ಕೂಡಿಸಿದ 15 ಲಕ್ಷಕ್ಕೆ ತೆರಿಗೆ 1,05,000. ತೋಟದ 5 ಲಕ್ಷಕ್ಕೆ ವಿನಾಯಿತಿಯ ಮಿತಿಯಾದ 4 ಲಕ್ಷ ಸೇರಿಸಿದರೆ 9 ಲಕ್ಷ, ಅದರ ಮೇಲಿನ ತೆರಿಗೆ 30,000. ಒಂದರಿಂದ ಇನ್ನೊಂದನ್ನು ಕಳೆದರೆ 75,000 ಉಳಿಯುತ್ತದೆ. 87ಎ ರಿಯಾಯಿತಿಯ ಗರಿಷ್ಠ ಮಿತಿ 60,000. ಆದ್ದರಿಂದ 15,000, ಸೆಸ್ ಸೇರಿ 15,600 ಕಟ್ಟಲೇಬೇಕು. ಸಂಬಳ 12 ಲಕ್ಷಕ್ಕಿಂತ ಕಡಿಮೆಯಿದ್ದೂ ತೆರಿಗೆ ಬರುವ ಈ ಲೆಕ್ಕವನ್ನು ನನ್ನ ಸಹವೃತ್ತಿಯವರಲ್ಲಿಯೇ ಕೆಲವರು ಮೊದಲು ಒಪ್ಪಲಿಲ್ಲ, ಪೋರ್ಟಲ್‌ನ ಲೆಕ್ಕವೇ ಹಾಗೆ ಬಂದ ಮೇಲೆ ಒಪ್ಪಿದರು. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಎಂಬ ಸರಳ ನಮೂನೆ ಬಳಸುವಂತಿಲ್ಲ, 5 ಲಕ್ಷ ದಾಟಿದರೆ ಜಮೀನಿನ ವಿಸ್ತೀರ್ಣ, ಅದು ಸ್ವಂತದ್ದೋ ಗೇಣಿಯದ್ದೋ, ನೀರಾವರಿ ಇದೆಯೋ ಎಂಬ ವಿವರವೂ ಬೇಕು. ಹೀಗಾಗಿ ತರಬೇಕಾದ ಕಾಗದಗಳಲ್ಲಿ ಆರ್‌ಟಿಸಿ ಮೊದಲನೆಯದು.

ಗಲ್ಫ್ ಮನೆಗಳ ಪ್ರಶ್ನೆ ಸಾಮಾನ್ಯವಾಗಿ ತಂದೆಯಿಂದಲೋ ಹೆಂಡತಿಯಿಂದಲೋ ಬರುತ್ತದೆ, ಉತ್ತರ ಮಾತ್ರ ಪಾಸ್‌ಪೋರ್ಟಿನ ಮುದ್ರೆಗಳಲ್ಲಿರುತ್ತದೆ. ದಿನಗಳ ಲೆಕ್ಕದಲ್ಲಿ ಅನಿವಾಸಿ ಎಂದು ಖಚಿತವಾದ ಮೇಲೆ ದುಬೈಯಲ್ಲಿ ದುಡಿದು ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ಆ ವಿದೇಶಿ ದುಡಿಮೆಯನ್ನು ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೂ ಇಲ್ಲ. ಊರಿನ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ಶೇ. 30 ಮತ್ತು ಸೆಸ್ ಹಿಡಿಯುತ್ತಾರೆ. 2 ಲಕ್ಷ ಬಡ್ಡಿಗೆ 62,400 ಹೋಗಿರುತ್ತದೆ, ಇಲ್ಲಿ ಬೇರೆ ಆದಾಯವಿಲ್ಲದಿದ್ದರೆ ರಿಟರ್ನ್ ತುಂಬಿದಾಗ ಅಷ್ಟೂ ವಾಪಸು ಬರುತ್ತದೆ. ಆದರೆ 87ಎ ರಿಯಾಯಿತಿ ಅನಿವಾಸಿಗಳಿಗೆ ಇಲ್ಲ. ಹಡಗಿನವರಿಗೆ ದಿನಗಳ ಲೆಕ್ಕ ಸಿಡಿಸಿ ಪುಸ್ತಕದಲ್ಲಿ (ನಾವಿಕರ ಸೇವಾ ದಾಖಲೆ) ಬರೆದ ಸೈನ್ ಆನ್, ಸೈನ್ ಆಫ್ ದಿನಾಂಕಗಳಿಂದ, ಅಂದರೆ ಹಡಗು ಸೇರಿದ ಮತ್ತು ಬಿಟ್ಟ ದಿನಗಳಿಂದ ನಡೆಯುತ್ತದೆ. ಈ ಎರಡೂ ಮನೆಗಳವರು ಎಡವುವುದು ಕೊನೆಯ ಹೆಜ್ಜೆಯಲ್ಲಿ. ಊರಿನ ಸಿಮ್ ಕಾರ್ಡ್ ಬಂದ್ ಆಗಿ ಆಧಾರ್ ಒಟಿಪಿ ಬರುವುದಿಲ್ಲ, ಸಲ್ಲಿಸಿದ 30 ದಿನಗಳೊಳಗೆ ವೆರಿಫೈ ಆಗಬೇಕಾದ ರಿಟರ್ನ್ ಹಾಗೆಯೇ ಉಳಿಯುತ್ತದೆ. ನೆಟ್ ಬ್ಯಾಂಕಿಂಗ್ ಮೂಲಕ ಮಾಡುವ ದಾರಿಯನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಏಪ್ರಿಲ್ ಭೇಟಿಯನ್ನು ಆಕ್ಷೇಪಿಸಿದವರ ವಾದದಲ್ಲಿ ಹುರುಳಿತ್ತು. ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಮೇ 31ರವರೆಗೆ ಅವಕಾಶವಿದೆ, ಫಾರ್ಮ್ 16 ಬರುವುದು ಜೂನ್ 15ರ ಹೊತ್ತಿಗೆ, ಹಾಗಿರುವಾಗ ಏಪ್ರಿಲ್‌ನಲ್ಲಿ ನೋಡುವುದೇನಿದೆ ಎಂದು ಅವರು ಕೇಳುತ್ತಿದ್ದರು. ನಾನು ಏಪ್ರಿಲ್‌ನಲ್ಲಿ ರಿಟರ್ನ್ ತುಂಬುವುದೇ ಇಲ್ಲ. ಪಾಸ್‌ವರ್ಡ್, ಮೊಬೈಲ್ ಸಂಖ್ಯೆ, ಪ್ಯಾನ್ ಮತ್ತು ಬ್ಯಾಂಕ್ ಖಾತೆಯಲ್ಲಿರುವ ಹೆಸರು, ಹಿಂದಿನ ವರ್ಷದ ಎಐಎಸ್, ಇಷ್ಟನ್ನು ನೋಡಿ, ಸರಿಯಾದ ಚೀಟಿ ಕೈಗಿತ್ತು ಕಳುಹಿಸುತ್ತೇನೆ. ಜೂನ್ ಕೊನೆಗೆ ಅವರು ಚೀಟಿಯಲ್ಲಿರುವ ಕಾಗದಗಳೊಂದಿಗೆ ಬಂದಾಗ ಒಂದು ರಿಟರ್ನ್‌ಗೆ ಕಾಲು ಗಂಟೆ ಸಾಕಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, ಮಂಗಳೂರಿನ ಹಿರಿಯ ಸಹವೃತ್ತಿಯೊಬ್ಬರು, “ಮಾರಾಯ್ರೆ, ಬಾಗಿಲಲ್ಲೇ ಊಟ ಬಡಿಸಿದರೆ ಹೋಟೆಲಿನ ಒಳಗೆ ಯಾರು ಬರ್ತಾರೆ?” ಎಂದು ಕೇಳಿದ್ದರು. ನಡೆದದ್ದು ಬೇರೆ. ಚೀಟಿ ಉಚಿತ, ಏಪ್ರಿಲ್ ಭೇಟಿಗೆ ಇನ್ನೂರು ರೂಪಾಯಿ, ರಿಟರ್ನ್ ನಮ್ಮಲ್ಲಿ ತುಂಬಿಸಿದರೆ ಆ ಇನ್ನೂರನ್ನು ಶುಲ್ಕದಲ್ಲಿ ಕಳೆಯುತ್ತೇವೆ. ಮೊದಲ ಮುದ್ರಣಕ್ಕೆ ಏಳು ಸಾವಿರದ ಆಸುಪಾಸು ಖರ್ಚಾಗಿತ್ತು. ಮೊದಲು ವರ್ಷಕ್ಕೆ ಮುನ್ನೂರರಷ್ಟು ರಿಟರ್ನ್‌ಗಳಿಂದ ಒಂದೂಮುಕ್ಕಾಲು ಲಕ್ಷದ ಹತ್ತಿರ ಬರುತ್ತಿತ್ತು, ಈಗ ಅದು ಮೂರು ಲಕ್ಷ ದಾಟಿದೆ. ಫೋನಿಗೆಂದು ಇಡುತ್ತಿದ್ದ ಆಳಿನ ಸಂಬಳವೂ ಉಳಿದಿದೆ. 2025ರಲ್ಲಿ ಕೊನೆಯ ದಿನಾಂಕ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಅಲ್ಲಿಂದ 16ಕ್ಕೆ ಮುಂದೆ ಹೋಯಿತು. ಆ ಕೊನೆಯ ರಾತ್ರಿ ಪರಿಚಿತರ ಕಚೇರಿಗಳಲ್ಲಿ ದೀಪ ಉರಿಯುತ್ತಿದ್ದಾಗ ನನ್ನ ಕಚೇರಿಗೆ ಬೀಗ ಬಿದ್ದಿತ್ತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚೀಟಿಯಲ್ಲಿದ್ದದ್ದನ್ನೇ ತುಳುವಿನಲ್ಲಿ ಓದಿ ಧ್ವನಿ ಸಂದೇಶವಾಗಿ ಕಳುಹಿಸಿದ್ದು ವಯಸ್ಸಾದ ಹೆಂಗಸರಿಗೆ ಬಹಳ ಹಿಡಿಸಿತು, ಎರಡು ನಿಮಿಷಕ್ಕಿಂತ ಉದ್ದವಾದರೆ ಯಾರೂ ಕೇಳುವುದಿಲ್ಲ ಎಂಬುದೂ ಗೊತ್ತಾಯಿತು. ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆಂದು ಮಾಡಿದ ಚೀಟಿ ಅಂದುಕೊಂಡ ಕಡೆ ತಲುಪಲಿಲ್ಲ. ಬೇರೆ ಆದಾಯವಿಲ್ಲದ ಅವರಿಗೆ ರಿಟರ್ನ್ ತುಂಬುವ ಅಗತ್ಯವೇ ಇರಲಿಲ್ಲ, ಅವರ ಪ್ರಶ್ನೆ ಇದ್ದದ್ದು ಸಾಲಕ್ಕೆ ಬ್ಯಾಂಕಿನವರು ಕೇಳುವ ಆದಾಯದ ದಾಖಲೆಯ ಬಗ್ಗೆ. ಹಾಗಾಗಿ ದಿನದ ಅಟ್ಟೆ, ಚೆಂಡುಗಳ (ಮಲ್ಲಿಗೆ ಮಾರುವ ಅಳತೆಗಳು) ಲೆಕ್ಕವನ್ನು ದರದ ಸಮೇತ ಬರೆದಿಡುವ ಒಂದು ಸಣ್ಣ ಪುಸ್ತಕ ಮಾಡಿಕೊಟ್ಟೆ. ಅದರಿಂದ ನನಗೆ ಆದಾಯವೇನೂ ಇಲ್ಲ, ಆದರೂ ಪ್ರತಿವರ್ಷ ಮಾಡಿಸುತ್ತೇನೆ.

ಹಳೆಯ ಪದ್ಧತಿಯೋ ಹೊಸದೋ ಎಂದು ಎರಡೇ ಮಾತಿನಲ್ಲಿ ತೀರ್ಮಾನಿಸಲು ನಾನು ಕೇಳುವ ಮೂರನೆಯ ಮರುಪ್ರಶ್ನೆಯನ್ನೂ, ತೋಟದ ಲೆಕ್ಕಕ್ಕೆ ಮಾಡಿಕೊಂಡಿರುವ ಎಕ್ಸೆಲ್ ಹಾಳೆಯನ್ನೂ ಇಲ್ಲಿ ಕೊಡುತ್ತಿಲ್ಲ. ಅವು ನನ್ನ ಹೊಟ್ಟೆಪಾಡಿನ ಭಾಗ. ಮಾಡಬೇಕೆಂದಿರುವವರು ಕುಟುಂಬ ಪಿಂಚಣಿಯ ಚೀಟಿಯಿಂದ ಆರಂಭಿಸಿ. ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರತಿ ಹಾಕಿಸಬೇಡಿ, ಏಕೆಂದರೆ ಫೆಬ್ರವರಿಯ ಬಜೆಟ್ ಬಂದೊಡನೆ ನಡುವಿನ ಲೆಕ್ಕವನ್ನು ಬದಲಿಸಬೇಕಾಗುತ್ತದೆ. ಲೆಕ್ಕ ಯಾವ ಆರ್ಥಿಕ ವರ್ಷದ್ದು ಎಂಬುದನ್ನು ಪ್ರತಿ ಚೀಟಿಯ ಮೇಲ್ತುದಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ.